ಕೋಳಿ ಕೂಗಿದ್ದಕ್ಕೆ ಬೆಳಗಾಯ್ತಾ? ಕಾಸಲ್ ಇನ್ಫರೆನ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡೇಟಾ ಕೆಲಸಕ್ಕೆ ಬಂದು ಸುಮಾರು ವರ್ಷ ಆಯ್ತು. ಹೊಸದಾಗಿ ಸೇರೋರು, ಬೇರೆ ಟೀಮಿನವರು, ಇನ್ನೂ ಓದ್ತಿರೋ ಹುಡುಗ್ರು, ಎಲ್ರೂ ಸುತ್ತಿ ಬಳಸಿ ಕೇಳೋದು ಇದೇ ಹತ್ತೊಂಬತ್ತು ಪ್ರಶ್ನೆ. ಪ್ರತಿ ಸಲ ಮೊದಲಿಂದ ಹೇಳೋ ಬದಲು ಒಂದೇ ಕಡೆ ಬರೆದಿಟ್ಟಿದೀನಿ. ಫಾರ್ಮುಲಾ ಆದಷ್ಟು ಕಮ್ಮಿ ಇದೆ, ಲೆಕ್ಕ ಎರಡು ಮೂರು ಕಡೆ ಬಿಡಿಸಿ ತೋರ್ಸಿದೀನಿ, ಅದನ್ನ ಮಾತ್ರ ಹಾರಿಸ್ಕೊಂಡು ಹೋಗ್ಬೇಡಿ.

ಕಾಸಲ್ ಇನ್ಫರೆನ್ಸ್ ಅಂದ್ರೆ ಏನು, ಸಿಂಪಲ್ಲಾಗಿ ಹೇಳಿ?

"ಹೀಗೆ ಮಾಡಿದ್ರೆ ಏನಾಗತ್ತೆ, ಮಾಡದೇ ಇದ್ದಿದ್ರೆ ಏನಾಗ್ತಿತ್ತು" ಅನ್ನೋದಕ್ಕೆ ಡೇಟಾ ಇಟ್ಕೊಂಡು ಉತ್ತರ ಹುಡುಕೋದು. ಅಜ್ಜಿ ಕೋಳಿ ಕಥೆ ಗೊತ್ತಲ್ಲ, ತನ್ನ ಕೋಳಿ ಕೂಗದಿದ್ರೆ ಊರಿಗೆ ಬೆಳಗೇ ಆಗಲ್ಲ ಅಂದ್ಕೊಂಡಿದ್ಲು. ನಗ್ಬೇಡಿ, ಅಜ್ಜಿ ಹತ್ರ ಇದ್ದ ಡೇಟಾ ಪಕ್ಕಾ ಇತ್ತು, ದಿನಾ ಮೊದಲು ಕೂಗು ಆಮೇಲೆ ಬೆಳಕು, ಒಂದು ದಿನಾನೂ ತಪ್ಪಿಲ್ಲ. ಕೂಗನ್ನ ಫೀಚರ್ (ಮಾಡೆಲ್‌ಗೆ ಕೊಡೋ ಮಾಹಿತಿ) ಆಗಿ ಕೊಟ್ಟು, ಬೆಳಗಾಗತ್ತಾ ಅಂತ ಊಹಿಸೋ ಮಾಡೆಲ್ ಕಟ್ಟಿದ್ರೆ ಆಕ್ಯುರೆಸಿ ಸೂಪರಾಗೇ ಬರತ್ತೆ. ಆದ್ರೆ ಪ್ರಶ್ನೆ "ಕೋಳೀನ ಬುಟ್ಟಿ ಕೆಳಗೆ ಮುಚ್ಚಿಟ್ರೆ ಬೆಳಗಾಗತ್ತಾ" ಅಂತ ಬದಲಾದ ತಕ್ಷಣ ಅದೇ ಮಾಡೆಲ್ ಕೈ ಕೊಡತ್ತೆ, ಯಾಕಂದ್ರೆ ಕೋಳೀನ ಮುಚ್ಚಿಟ್ಟ ದಿನ ಅನ್ನೋದು ಆ ಡೇಟಾದಲ್ಲೇ ಇಲ್ಲ. ಸುಮ್ನೆ ನೋಡೋದು ಬೇರೆ, ಕೈ ಹಾಕಿ ಬದಲಾಯಿಸೋದು ಬೇರೆ. ನಾವು ಆಫೀಸಲ್ಲಿ ತಗೊಳ್ಳೋ ನಿರ್ಧಾರಗಳು ಬಹುತೇಕ ಕೈ ಹಾಕೋ ಜಾತಿಯವು, ಆದ್ರೆ ಕಟ್ಟೋ ಮಾಡೆಲ್‌ಗಳೆಲ್ಲಾ ನೋಡೋ ಜಾತಿಯವು.

"ಕೋರಿಲೇಶನ್ ಅಂದ್ರೆ ಕಾರಣ ಅಲ್ಲ" ಅಂತ ಎಲ್ರಿಗೂ ಗೊತ್ತಿದೆ, ಇದ್ರಲ್ಲಿ ಹೊಸದೇನಿದೆ?

ಕೋರಿಲೇಶನ್ ಅಂದ್ರೆ ಎರಡು ವಿಷಯ ಜೊತೆ ಜೊತೆಗೆ ಬದಲಾಗೋದು. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತ ಎಲ್ಲದಕ್ಕೂ ಹೇಳ್ಬಿಟ್ಟು ಎದ್ದು ಹೋಗೋದು ಸುಲಭ. ಕಷ್ಟ ಇರೋದು ಮುಂದಿನ ಪ್ರಶ್ನೆಲಿ: ಹಾಗಾದ್ರೆ ಯಾವಾಗ ಕಾರಣ ಅಂತ ಒಪ್ಕೊಬೋದು? ಸಿಗರೇಟು ಮತ್ತು ಶ್ವಾಸಕೋಶದ ಕ್ಯಾನ್ಸರ್ ಜಗಳ ನೋಡಿ. 1950ರಲ್ಲಿ ರಿಚರ್ಡ್ ಡಾಲ್, ಬ್ರಾಡ್‌ಫರ್ಡ್ ಹಿಲ್ ಅನ್ನೋ ಬ್ರಿಟನ್ನಿನ ಸಂಶೋಧಕರು ಸಂಬಂಧ ಇದೆ ಅಂತ ತೋರ್ಸಿದ್ರು. ಆಧುನಿಕ ಸ್ಟಾಟಿಸ್ಟಿಕ್ಸ್‌ಗೆ ಅಡಿಪಾಯ ಹಾಕಿದ ಫಿಶರ್ ಒಪ್ಲಿಲ್ಲ, ಸಿಗರೇಟು ಸೇದೋ ಚಟನೂ ಕ್ಯಾನ್ಸರೂ ಎರಡೂ ಒಂದೇ ಜೀನ್‌ನಿಂದ ಬರ್ತಿರಬೋದಲ್ಲ ಅಂದ್ರು (ಸ್ವತಃ ಪೈಪ್ ಸೇದೋರು, ತಂಬಾಕು ಉದ್ಯಮಕ್ಕೆ ಸಲಹೆಗಾರರೂ ಆಗಿದ್ರು, ಅದು ಬೇರೆ ಮಾತು). ಯಾರನ್ನೂ ಕೂರಿಸಿ ಇಪ್ಪತ್ತು ವರ್ಷ ಬಲವಂತವಾಗಿ ಸೇದಿಸಿ ಟೆಸ್ಟ್ ಮಾಡಕ್ಕಂತೂ ಆಗಲ್ಲ. 1959ರಲ್ಲಿ ಕಾರ್ನ್‌ಫೀಲ್ಡ್ ಅನ್ನೋ ಸ್ಟಾಟಿಸ್ಟಿಶಿಯನ್ ಮತ್ತು ಜೊತೆಯವರು ಒಂದು ಚಂದದ ಲೆಕ್ಕ ಕೊಟ್ರು: ಸೇದೋರಿಗೆ ರಿಸ್ಕ್ 9 ಪಟ್ಟು ಇದೆ, ಅಷ್ಟನ್ನೂ ಆ ಕಾಣದ ಜೀನ್ ತಲೆಗೇ ಕಟ್ಟಬೇಕು ಅಂದ್ರೆ ಆ ಜೀನ್ ಸೇದೋರಲ್ಲಿ ಸೇದದೇ ಇರೋರಿಗಿಂತ ಕಮ್ಮಿ ಅಂದ್ರೂ 9 ಪಟ್ಟು ಜಾಸ್ತಿ ಇರ್ಬೇಕು, ಅಂಥದ್ದು ಎಲ್ಲಿದೆ ತೋರ್ಸಿ. ಬರೀ ಅನುಮಾನಕ್ಕೆ ಅಳತೆ ಬಂದಿದ್ದು ಅಲ್ಲಿ.

ಪೊಟೆನ್ಶಿಯಲ್ ಔಟ್‌ಕಮ್ ಅಂತಾರಲ್ಲ, ಏನದು?

ಒಬ್ಬೊಬ್ರಿಗೂ ಎರಡು ಕಾಲಮ್ ಇದೆ ಅಂದ್ಕೊಳಿ. ಮಾತ್ರೆ ತಗೊಂಡ್ರೆ ಏನಾಗತ್ತೆ ಅನ್ನೋದು ಒಂದು, ತಗೊಳ್ದೇ ಇದ್ರೆ ಏನಾಗತ್ತೆ ಅನ್ನೋದು ಇನ್ನೊಂದು. ಎರಡರ ವ್ಯತ್ಯಾಸನೇ ಆ ಮನುಷ್ಯನಿಗೆ ಮಾತ್ರೆಯ ಎಫೆಕ್ಟ್. ತಮಾಷೆ ಏನಪ್ಪಾ ಅಂದ್ರೆ ಪ್ರತಿ ಸಾಲಲ್ಲೂ ಒಂದು ಕಾಲಮ್ ಖಾಲಿ, ಯಾವಾಗ್ಲೂ. ತಗೊಂಡೋನು ತಗೊಳ್ದೇ ಇದ್ದಿದ್ರೆ ಏನಾಗ್ತಿತ್ತು ಅಂತ ದೇವರಿಗೇ ಗೊತ್ತು. ಎಷ್ಟು ಕೋಟಿ ಸಾಲು ಸೇರಿಸಿದ್ರೂ ಆ ಖಾಲಿ ತುಂಬಲ್ಲ, ಹಾಗಾಗಿ ಬಿಗ್ ಡೇಟಾ ಇದೆ ಅನ್ನೋ ಧೈರ್ಯ ಇಲ್ಲಿ ನಡೆಯಲ್ಲ. ನೇಮನ್ ಅನ್ನೋ ಸ್ಟಾಟಿಸ್ಟಿಶಿಯನ್ 1923ರಲ್ಲೇ ಹೀಗೆ ಬರೆದಿದ್ರು, ಎಕ್ಸ್‌ಪೆರಿಮೆಂಟ್‌ಗಳಿಗೆ ಮಾತ್ರ. 1974ರಲ್ಲಿ ಡೊನಾಲ್ಡ್ ರೂಬಿನ್ ಅದನ್ನ ಎಕ್ಸ್‌ಪೆರಿಮೆಂಟ್ ಇಲ್ಲದ ಡೇಟಾಗೂ ತಂದ್ರು. ಒಬ್ಬ ವ್ಯಕ್ತಿಯ ಎಫೆಕ್ಟ್ ಸಿಗಲ್ಲ ಅಂದ್ಮೇಲೆ ಗುಂಪಿನ ಸರಾಸರಿಗೆ ತೃಪ್ತಿ ಪಡ್ತೀವಿ. ಆ ಸರಾಸರಿ ಎಲ್ರ ಮೇಲಾ, ಟ್ರೀಟ್‌ಮೆಂಟ್ (ಆ ಮಾತ್ರೆ ತರ ನಾವು ಮಾಡೋ ಬದಲಾವಣೆ) ಸಿಕ್ಕವರ ಮೇಲಷ್ಟೇನಾ ಅಂತ ಮೊದಲೇ ಹೇಳ್ಬೇಕು, ಎರಡೂ ಬೇರೆ ಬೇರೆ ನಂಬರ್ ಬರ್ಬೋದು.

ಸಿಂಪ್ಸನ್ಸ್ ಪ್ಯಾರಡಾಕ್ಸ್ ನಿಜವಾಗ್ಲೂ ಆಗತ್ತಾ ಅಥವಾ ಪುಸ್ತಕದ ಬದನೇಕಾಯಾ?

ಆಗತ್ತೆ. ಗುಂಪು ಗುಂಪಾಗಿ ನೋಡಿದಾಗ ಬರೋ ಉತ್ತರ ಒಟ್ಟು ಸೇರಿಸಿದಾಗ ಉಲ್ಟಾ ಆಗೋದು ಅದು. 1986ರಲ್ಲಿ ಬ್ರಿಟನ್ನಿನ ವೈದ್ಯರು ಪ್ರಕಟಿಸಿದ ಕಿಡ್ನಿ ಕಲ್ಲಿನ ಡೇಟಾ ಇದೆ, ಪೆನ್ನು ತಗೊಳಿ. ಎ ಅಂದ್ರೆ ತೆರೆದ ಆಪರೇಶನ್, ಬಿ ಅಂದ್ರೆ ಸಣ್ಣ ತೂತು ಮಾಡಿ ಕಲ್ಲು ತೆಗೆಯೋದು. ಎ ಮಾಡಿಸ್ಕೊಂಡ 350 ಜನರಲ್ಲಿ 273 ಜನಕ್ಕೆ ವಾಸಿ ಆಯ್ತು, 78%. ಬಿ ಕಡೆ 350ರಲ್ಲಿ 289, ಅಂದ್ರೆ 83%. ಬಿ ಗೆದ್ದಂಗೆ ಕಾಣತ್ತೆ.

ಈಗ ಕಲ್ಲಿನ ಸೈಜ್ ನೋಡಿ. ಚಿಕ್ಕ ಕಲ್ಲು: ಎ ಕಡೆ 87ರಲ್ಲಿ 81 (93%), ಬಿ ಕಡೆ 270ರಲ್ಲಿ 234 (87%). ದೊಡ್ಡ ಕಲ್ಲು: ಎ ಕಡೆ 263ರಲ್ಲಿ 192 (73%), ಬಿ ಕಡೆ 80ರಲ್ಲಿ 55 (69%). ಎರಡೂ ಕಡೆ ಎ ಮುಂದಿದೆ, ಒಟ್ಟು ಸೇರಿಸಿದ್ರೆ ಮಾತ್ರ ಬಿ ಮುಂದೆ! ಮ್ಯಾಜಿಕ್ ಏನಿಲ್ಲ. ದೊಡ್ಡ ಕಲ್ಲು ಇದ್ದೋರನ್ನ ಹೆಚ್ಚಾಗಿ ಎ ಕಡೆ ಕಳ್ಸಿದ್ರು, 343 ಜನರಲ್ಲಿ 263 ಜನ ಅಲ್ಲೇ. ಕಷ್ಟದ ಕೇಸೆಲ್ಲಾ ಎ ತಲೆ ಮೇಲೆ ಬಿತ್ತು, ಸುಲಭದ್ದೆಲ್ಲಾ ಬಿ ಪಾಲಾಯ್ತು.

ಸರಿ ಮಾಡೋದು ಹೇಗೆ? ಎಲ್ಲಾ 700 ಜನಕ್ಕೂ ಎ ಮಾಡಿದ್ದಿದ್ರೆ ಅಂತ ಲೆಕ್ಕ ಹಾಕಿ. ಒಟ್ಟು ಜನರಲ್ಲಿ 51% ಚಿಕ್ಕ ಕಲ್ಲಿನವರು, 49% ದೊಡ್ಡ ಕಲ್ಲಿನವರು. ಎಗೆ 0.51ನ್ನ 93ರಿಂದ ಗುಣಿಸಿ, 0.49ನ್ನ 73ರಿಂದ ಗುಣಿಸಿ, ಕೂಡಿಸಿದ್ರೆ ಸುಮಾರು 83% ಬರತ್ತೆ. ಬಿಗೆ ಹಾಗೇ ಮಾಡಿದ್ರೆ ಸುಮಾರು 78%. ಮೊದಲು ಬಂದ ನಂಬರ್‌ಗಳು ಹೆಚ್ಚುಕಮ್ಮಿ ಹಾಗೇ ಅದಲು ಬದಲು! ಬ್ಯಾಕ್‌ಡೋರ್ ಅಡ್ಜಸ್ಟ್‌ಮೆಂಟ್ ಅಂತ ದೊಡ್ಡ ಹೆಸರಿಟ್ಟು ಕರೆಯೋದು ಇದೇ ಲೆಕ್ಕನ, ನೀವು ಈಗಷ್ಟೇ ಕೈಯಲ್ಲೇ ಮಾಡಿ ಮುಗಿಸಿದ್ರಿ. (ಕಲ್ಲಿನ ಸೈಜ್ ಒಂದೇ ಕನ್ಫೌಂಡರ್, ಅಂದ್ರೆ ಯಾರಿಗೆ ಯಾವ ಚಿಕಿತ್ಸೆ ಅನ್ನೋದನ್ನೂ ವಾಸಿ ಆಗೋದನ್ನೂ ಎರಡನ್ನೂ ಅಲ್ಲಾಡಿಸೋ ವಿಷಯ, ಅಂತ ಅಂದ್ಕೊಂಡ್ರೆ, ಅಷ್ಟು ನೆನಪಿರ್ಲಿ.)

ಹಾಗಾದ್ರೆ ಯಾವಾಗ್ಲೂ ಗುಂಪು ಒಡೆದು ನೋಡ್ಬೇಕು, ಅಷ್ಟೇ ತಾನೇ?

ಅಲ್ಲ, ಮತ್ತೆ ಹೆಚ್ಚಿನೋರು ಜಾರೋದು ಇಲ್ಲೇ. ಅದೇ ನಂಬರ್‌ಗಳನ್ನ ಇಟ್ಕೊಳಿ, ಕಾಲಮ್ ಹೆಸರು ಮಾತ್ರ ಬದಲಾಯಿಸಿ: "ಕಲ್ಲಿನ ಸೈಜ್" ಬದಲು "ಔಷಧಿ ತಗೊಂಡ ಮೇಲಿನ ಬಿಪಿ". ಈಗ ಬಿಪಿ ಔಷಧಿಯಿಂದಲೇ ಬದಲಾಗಿರೋದು, ಔಷಧಿ ಕೆಲಸ ಮಾಡೋ ದಾರಿನೇ ಅದು ಆಗಿರ್ಬೋದು. ಅದ್ರ ಮೇಲೆ ಗುಂಪು ಒಡೆದ್ರೆ ಔಷಧಿಯ ಎಫೆಕ್ಟನ್ನ ನಾವೇ ಕತ್ತರಿಸಿ ಬಿಸಾಕ್ದಂಗೆ, ಇಲ್ಲಿ ಒಟ್ಟು ನಂಬರೇ ಸರಿ. ಡೇಟಾದಲ್ಲಿ ಒಂದಂಕಿನೂ ಬದಲಾಗಿಲ್ಲ, ಉತ್ತರ ಮಾತ್ರ ಉಲ್ಟಾ ಆಯ್ತು. ಅಂದ್ರೆ ಉತ್ತರದ ಅರ್ಧ ಭಾಗ ಟೇಬಲ್ ಒಳಗಿಲ್ಲ, ಆ ಡೇಟಾ ಹೇಗೆ ಹುಟ್ತು, ಯಾರಿಗೆ ಏನು ಸಿಕ್ತು, ಯಾಕೆ ಸಿಕ್ತು ಅನ್ನೋ ಕಥೇಲಿದೆ. ನನ್ನ ಕೇಳಿದ್ರೆ ಇಡೀ ವಿಷಯದಲ್ಲಿ ಇದೊಂದು ತಲೆಗೆ ಹೋದ್ರೆ ಉಳಿದಿದ್ದೆಲ್ಲಾ ಓದಿ ಕಲಿಯಬೋದು.

ಡ್ಯಾಗ್ ಅಂತ ಬಾಣದ ಚಿತ್ರ ಬರೀತಾರಲ್ಲ, ಅದು ಬೇಕೇ ಬೇಕಾ?

ಡೇಟಾ ಹೇಗೆ ಹುಟ್ತು ಅನ್ನೋ ಆ ಕಥೇನ ಪೇಪರ್ ಮೇಲೆ ಇಡೋ ದಾರಿ ಡ್ಯಾಗ್ (ಡೈರೆಕ್ಟೆಡ್ ಅಸೈಕ್ಲಿಕ್ ಗ್ರಾಫ್). ಯಾವುದು ಯಾವುದಕ್ಕೆ ಕಾರಣ ಅಂತ ಬಾಣ ಎಳೀತೀವಿ, ಬಾಣ ಹಿಡ್ಕೊಂಡು ಹೊರಟ್ರೆ ಸುತ್ತಿ ವಾಪಸ್ ಅದೇ ಜಾಗಕ್ಕೆ ಬರ್ಬಾರ್ದು. ಸೂವಾಲ್ ರೈಟ್ ಅನ್ನೋ ತಳಿಶಾಸ್ತ್ರಜ್ಞರು ನೂರು ವರ್ಷದ ಹಿಂದೆನೇ ಗಿನಿಪಿಗ್ಗುಗಳ ಮೈಬಣ್ಣ ಹೇಗೆ ಬರತ್ತೆ ಅಂತ ಹೀಗೆ ಬಾಣ ಎಳೆದು ಲೆಕ್ಕ ಹಾಕಿದ್ರು. ಆಮೇಲೆ ಜೂಡಿಯಾ ಪರ್ಲ್ ಇದಕ್ಕೆ ಪೂರ್ತಿ ಗಣಿತ ಕಟ್ಟಿದ್ರು, 2011ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂತು.

ನೆನಪಿಡಬೇಕಾದ ಆಕಾರ ಮೂರೇ. ಒಂದು ವಿಷಯದಿಂದ ಟ್ರೀಟ್‌ಮೆಂಟ್‌ಗೂ ಔಟ್‌ಕಮ್‌ಗೂ (ಕೊನೆಗೆ ಅಳೆಯೋ ಫಲಿತಾಂಶ) ಎರಡಕ್ಕೂ ಬಾಣ ಹೋದ್ರೆ ಅದು ಕನ್ಫೌಂಡರ್, ಅಡ್ಜಸ್ಟ್ ಮಾಡ್ಬೇಕು. ಟ್ರೀಟ್‌ಮೆಂಟ್ ಮತ್ತು ಔಟ್‌ಕಮ್ ಮಧ್ಯೆ ದಾರೀಲಿ ಸಿಗೋದು ಮೀಡಿಯೇಟರ್, ಪೂರ್ತಿ ಎಫೆಕ್ಟ್ ಬೇಕಂದ್ರೆ ಮುಟ್ಬಾರ್ದು. ಎರಡು ಕಡೆಯಿಂದಲೂ ಬಾಣ ಬಂದು ಒಂದರಲ್ಲಿ ಗುದ್ದಿದ್ರೆ ಅದು ಕೊಲೈಡರ್, ಅದನ್ನ ಮುಟ್ಟಿದ್ರೆ ಇಲ್ಲದೇ ಇರೋ ಸಂಬಂಧ ಹುಟ್ಕೊಳತ್ತೆ. ಇನ್ನೊಂದು ವಿಷಯ, ಎಳೆದಿರೋ ಬಾಣಕ್ಕಿಂತ ಎಳೆಯದೇ ಬಿಟ್ಟ ಬಾಣನೇ ದೊಡ್ಡ ದಾವೆ, "ಇಲ್ಲಿ ಸಂಬಂಧ ಇಲ್ವೇ ಇಲ್ಲ" ಅಂತ ಗಟ್ಟಿಯಾಗಿ ಹೇಳ್ತಿದೀರ ಅಂತ ಅರ್ಥ. ಮೀಟಿಂಗಲ್ಲಿ ಜಗಳ ಆಡೋದಾದ್ರೆ ಅದ್ರ ಬಗ್ಗೆ ಆಡಿ.

ಇರೋಬರೋ ವೇರಿಯಬಲ್ ಎಲ್ಲಾ ರಿಗ್ರೆಶನ್‌ಗೆ ತುಂಬಿದ್ರೆ ಸೇಫ್ ಅಲ್ವಾ?

ರಿಗ್ರೆಶನ್ ಅಂದ್ರೆ ಔಟ್‌ಕಮ್ ಜೊತೆ ಯಾವ್ಯಾವ ವೇರಿಯಬಲ್ ಎಷ್ಟೆಷ್ಟು ಸೇರ್ಕೊಂಡಿದೆ ಅಂತ ಒಟ್ಟಿಗೆ ಲೆಕ್ಕ ಹಾಕೋದು. ಎಲ್ಲಾ ತುಂಬಿದ್ರೆ ಸೇಫ್ ಅಂತ ನಂಬ್ಕೊಂಡು ನಾನೇ ಕೆಟ್ಟಿದೀನಿ. ಹಳೇ ಕೆಲಸದಲ್ಲಿ ಬಳಕೆದಾರರಿಗೆ ರಿಮೈಂಡರ್ ಮೆಸೇಜ್ ಕಳ್ಸಿದ್ರೆ ಖರೀದಿ ಜಾಸ್ತಿ ಆಗತ್ತಾ ಅಂತ ನೋಡ್ತಿದ್ವಿ. ನಾನು ಬಹಳ ಬುದ್ಧಿವಂತ ಅಂದ್ಕೊಂಡು ವಯಸ್ಸು, ಹಳೇ ಖರೀದಿ ಎಲ್ಲದರ ಜೊತೆ "ಆ ವಾರ ಆಪ್ ಎಷ್ಟು ಸಲ ತೆರೆದ್ರು" ಅನ್ನೋದನ್ನೂ ಕಂಟ್ರೋಲ್ (ಸಮ ಮಾಡಿ ನೋಡೋ ವೇರಿಯಬಲ್) ಆಗಿ ಹಾಕ್ದೆ. ರಿಮೈಂಡರ್‌ನ ಕೋಎಫಿಶಿಯೆಂಟ್ (ಲೆಕ್ಕದಲ್ಲಿ ಅದರ ಪಾಲು) ಸೊನ್ನೆ ಹತ್ರ ಬಂದು ಕೂತ್ಕೊಂಡಿತು, ಆರ್ ಸ್ಕ್ವೇರ್ (ಮಾಡೆಲ್ ಡೇಟಾಗೆ ಎಷ್ಟು ಹೊಂದತ್ತೆ ಅನ್ನೋ ಅಳತೆ) ನೋಡಿದ್ರೆ ಸಕತ್ತಾಗಿದೆ. ರಿಮೈಂಡರ್ ವೇಸ್ಟ್ ಅಂತ ಸ್ಲೈಡ್ ಮಾಡಿ ತೋರ್ಸಿದ್ದೂ ಆಯ್ತು, ನಿಲ್ಸಿದ್ದೂ ಆಯ್ತು. ಎಷ್ಟೋ ತಿಂಗಳಾದ್ಮೇಲೆ ಹೊಸದಾಗಿ ಬಂದ ಹುಡುಗಿಯೊಬ್ಳು "ಸರ್, ರಿಮೈಂಡರ್ ಬಂದ್ರೆ ತಾನೇ ಆಪ್ ತೆರೆಯೋದು?" ಅಂದ್ಲು. ಅಷ್ಟೇ. ರಿಮೈಂಡರ್ ಕೆಲಸ ಮಾಡೋ ದಾರಿಗೇ ನಾನು ಬಾಗಿಲು ಹಾಕಿ, ಯಾರೂ ಬರ್ತಿಲ್ಲ ಅಂತ ರಿಪೋರ್ಟ್ ಬರೆದಿದ್ದೆ.

ಕೊಲೈಡರ್ ಇನ್ನೂ ಕಳ್ಳ. 1946ರಲ್ಲಿ ಬರ್ಕ್‌ಸನ್ ತೋರ್ಸಿದ್ದು: ಆಸ್ಪತ್ರೆಗೆ ಸೇರಿದವರನ್ನ ಮಾತ್ರ ನೋಡಿದ್ರೆ, ಹೊರಗಡೆ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಕಾಯಿಲೆಗೆ ಸಂಬಂಧ ಇದ್ದಂಗೆ ಕಾಣತ್ತೆ, ಯಾಕಂದ್ರೆ ಎರಡರಲ್ಲಿ ಯಾವುದಿದ್ರೂ ಆಸ್ಪತ್ರೆಗೆ ಸೇರ್ತಾರೆ. ಹುಟ್ಟಿದಾಗ ತೂಕ ಕಮ್ಮಿ ಇದ್ದ ಶಿಶುಗಳನ್ನ ಮಾತ್ರ ನೋಡಿದ್ರೆ ಸಿಗರೇಟು ಸೇದೋ ತಾಯಂದಿರ ಮಕ್ಕಳೇ ಜಾಸ್ತಿ ಬದುಕ್ತಾರೆ ಅಂತ ಬಂದು ಸಂಶೋಧಕರು ತಲೆ ಕೆರ್ಕೊಂಡಿದ್ದೂ ಇದೇ ಜಾತಿ ಸಮಸ್ಯೆ. ಸೇದದೇ ಇರೋ ತಾಯಿಯ ಮಗುಗೆ ತೂಕ ಕಮ್ಮಿ ಇದೆ ಅಂದ್ರೆ ಅದಕ್ಕೆ ಬೇರೆ ಇನ್ನೇನೋ, ಬಹುಶಃ ಇನ್ನೂ ಕೆಟ್ಟ ಕಾರಣ ಇರತ್ತೆ. ನಿಮ್ಮ ಡೇಟಾದಲ್ಲಿ "ಆಕ್ಟಿವ್ ಯೂಸರ್ಸ್ ಮಾತ್ರ" ಅಂತ ಫಿಲ್ಟರ್ ಹಾಕಿದ್ದೀರಾ? ಅದೂ ಇದೇ ಕೆಲಸ ಮಾಡ್ಬೋದು, ರಿಗ್ರೆಶನ್ ತನಕ ಹೋಗೋದೇ ಬೇಡ.

ಪಿ ವ್ಯಾಲ್ಯೂ 0.05ಕ್ಕಿಂತ ಕಮ್ಮಿ ಬಂದ್ರೆ ಕಾರಣ ಅಂತ ಸಾಬೀತಾಯ್ತು ಅಲ್ವಾ?

ಇಲ್ಲ. ಸಂಬಂಧನೇ ಇಲ್ಲದಿದ್ರೆ ಇಂಥಾ ಡೇಟಾ ಬರೀ ಅದೃಷ್ಟದಿಂದ ಬರೋ ಸಾಧ್ಯತೆ ಎಷ್ಟು ಅನ್ನೋದಷ್ಟೇ ಪಿ ವ್ಯಾಲ್ಯೂ, ಅಜ್ಜಿ ಕೋಳಿಗೂ ಅದು ಚೆನ್ನಾಗೇ ಬರತ್ತೆ.

ರ‍್ಯಾಂಡಮೈಸ್ ಮಾಡಿದ್ರೆ ಅದ್ಯಾಕೆ ಎಲ್ರೂ ಸುಮ್ನಾಗ್ತಾರೆ?

ಯಾರಿಗೆ ಸಿಕ್ತು, ಯಾಕೆ ಸಿಕ್ತು ಅನ್ನೋದಕ್ಕೆ "ನಾಣ್ಯ ಹಾರಿಸಿದ್ವಿ, ಅದಕ್ಕೆ ಸಿಕ್ತು" ಅನ್ನೋ ಉತ್ತರ ಒಂದೇ ಅನುಮಾನಕ್ಕೆ ಜಾಗ ಬಿಡದೇ ಇರೋದು. ನಾವು ಅಳೆದಿದ್ದು, ಅಳೆಯದೇ ಇದ್ದಿದ್ದು, ಹೆಸರೇ ಗೊತ್ತಿಲ್ಲದೇ ಇರೋದು, ಎಲ್ಲಾ ಎರಡೂ ಕಡೆ ಸರಾಸರಿಯಲ್ಲಿ ಸಮ ಆಗತ್ತೆ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಟ್ರಯಲ್, 1948ರಲ್ಲಿ ಬ್ರಿಟನ್ನಲ್ಲಿ ಪ್ರಕಟ ಆಗಿದ್ದು, ವೈದ್ಯಕೀಯದಲ್ಲಿ ಈ ಪದ್ಧತಿಗೆ ನಾಂದಿ ಹಾಡ್ತು.

ಇದಿಲ್ಲದಿದ್ರೆ ಏನಾಗತ್ತೆ ಅನ್ನೋದಕ್ಕೆ ಹಾರ್ಮೋನ್ ಚಿಕಿತ್ಸೆ ಕಥೆ ಇದೆ. ಮುಟ್ಟು ನಿಂತ ಮೇಲೆ ಹಾರ್ಮೋನ್ ತಗೊಳ್ಳೋ ಹೆಂಗಸರಿಗೆ ಹೃದಯದ ಕಾಯಿಲೆ ಕಮ್ಮಿ ಅಂತ ದೊಡ್ಡ ದೊಡ್ಡ ಅಧ್ಯಯನಗಳು ಹೇಳ್ತಾ ಬಂದಿದ್ವು. ಆಮೇಲೆ ಅಮೆರಿಕದಲ್ಲಿ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ 16,608 ಹೆಂಗಸರನ್ನ ರ‍್ಯಾಂಡಮ್ ಆಗಿ ಎರಡು ಭಾಗ ಮಾಡಿ ನೋಡ್ತು, 2002ರಲ್ಲಿ ಆ ಟ್ರಯಲ್ಲನ್ನ ಅವಧಿಗೆ ಮುಂಚೆನೇ ನಿಲ್ಲಿಸ್ಬೇಕಾಯ್ತು, ಸ್ತನ ಕ್ಯಾನ್ಸರ್ ಜಾಸ್ತಿ ಆಗಿತ್ತು, ಹೃದಯದ ರಿಸ್ಕ್ ಕಮ್ಮಿ ಆಗೋದಿರ್ಲಿ ಸುಮಾರು 29% ಜಾಸ್ತಿನೇ ಬಂತು. ಹಾರ್ಮೋನ್ ತಾವಾಗೇ ತಗೊಳ್ತಿದ್ದೋರು ಮೊದಲೇ ಆರೋಗ್ಯದ ಬಗ್ಗೆ ಕಾಳಜಿ ಇದ್ದೋರು ಅನ್ನೋದು ಒಂದು ವಿವರಣೆ. ಅದಷ್ಟೇ ಅಲ್ಲ, ಹಳೇ ಅಧ್ಯಯನಗಳಲ್ಲಿ ಚಿಕಿತ್ಸೆ ಶುರು ಮಾಡಿದ ಮೊದಲ ದಿನಗಳ ತೊಂದರೆ ಸರಿಯಾಗಿ ಲೆಕ್ಕಕ್ಕೆ ಬಂದಿರ್ಲಿಲ್ಲ. ಮಿಗೆಲ್ ಹೆರ್ನಾನ್ ಮತ್ತು ಜೊತೆಯವರು ಆಮೇಲೆ ಅದೇ ಹಳೇ ಡೇಟಾನ "ಟ್ರಯಲ್ ಮಾಡಿದ್ದಿದ್ರೆ ಹೇಗೆ ಮಾಡ್ತಿದ್ವಿ" ಅನ್ನೋ ಶಿಸ್ತಲ್ಲಿ ಮತ್ತೆ ಲೆಕ್ಕ ಹಾಕಿದಾಗ ಎರಡರ ನಡುವಿನ ಅಂತರ ಬಹಳ ಮಟ್ಟಿಗೆ ಕರಗ್ತು. ಟಾರ್ಗೆಟ್ ಟ್ರಯಲ್ ಅಂತ ಈಗ ಎಲ್ರೂ ಹೇಳೋದು ಇದನ್ನೇ.

ಹಾಗಾದ್ರೆ ಎ/ಬಿ ಟೆಸ್ಟ್ ಮಾಡಿದ್ರೆ ಕಣ್ಣು ಮುಚ್ಚಿ ನಂಬ್ಬೋದಾ?

ಬಳಕೆದಾರರನ್ನ ನಾಣ್ಯ ಹಾರಿಸಿ ಎರಡು ಗುಂಪು ಮಾಡಿ, ಎರಡು ಬೇರೆ ಆವೃತ್ತಿ ತೋರ್ಸಿ ಹೋಲಿಸೋದೇ ಎ/ಬಿ ಟೆಸ್ಟ್. ಕಣ್ಣು ಬಿಟ್ಕೊಂಡೇ ನಂಬಿ. 50-50 ಹಂಚಿದ್ವಿ ಅಂತಾರೆ, ಎಣಿಸಿದ್ರೆ 52-48 ಇರತ್ತೆ, ಲಕ್ಷಗಟ್ಟಲೆ ಜನ ಇರೋ ಕಡೆ ಅದು ಬರೀ ಅದೃಷ್ಟ ಆಗೋಕೆ ಸಾಧ್ಯ ಇಲ್ಲ, ಎಲ್ಲೋ ಹಂಚೋದೋ ಲಾಗಿಂಗೋ (ದಾಖಲೆ ಇಡೋದು) ಕೆಟ್ಟಿದೆ ಅಂತ ಅರ್ಥ, ರಿಸಲ್ಟ್ ನೋಡೋಕೆ ಮುಂಚೆ ಅದನ್ನ ನೋಡಿ. ದಿನಾ ಡ್ಯಾಶ್‌ಬೋರ್ಡ್ ಇಣುಕಿ ಸಿಗ್ನಿಫಿಕೆಂಟ್ ಅಂತ ಹಸಿರು ಬಂದ ದಿನ ನಿಲ್ಲಿಸೋದು ಇನ್ನೊಂದು ಚಟ, ಹಾಗೆ ಇಣುಕ್ತಾ ಇದ್ರೆ ಬರೀ ಅದೃಷ್ಟದಿಂದಲೂ ಯಾವತ್ತಾದ್ರೂ ಹಸಿರು ಬಂದ್ಬಿಡ್ಬೋದು. ಒಬ್ರಿಗೆ ಕೊಟ್ಟಿದ್ದು ಇನ್ನೊಬ್ರಿಗೂ ತಟ್ಟೋ ಕಡೆ, ಉದಾಹರಣೆಗೆ ಚಾಟ್ ಆಪ್‌ನಲ್ಲಿ ಹೊಸ ಫೀಚರ್ ಕೊಟ್ರೆ ಅದು ಅವರ ಫ್ರೆಂಡ್ಸ್‌ಗೂ ತಟ್ಟತ್ತೆ, ಅಲ್ಲಿ ವ್ಯಕ್ತಿ ವ್ಯಕ್ತಿಗೆ ನಾಣ್ಯ ಹಾರಿಸೋದು ತಪ್ಪು, ಗುಂಪು ಗುಂಪಾಗಿ ಹಂಚ್ಬೇಕು.

ಆದ್ರೂ ಮಾಡಕ್ಕಾದ್ರೆ ಮಾಡಿ. ಈಬೇ ಕಂಪನಿಯ ಪ್ರಯೋಗ ಪ್ರಸಿದ್ಧ: ತಮ್ಮದೇ ಹೆಸರು ಹುಡುಕೋರಿಗೆ ತೋರಿಸೋ ಸರ್ಚ್ ಜಾಹೀರಾತು ನಿಲ್ಲಿಸಿ ನೋಡಿದ್ರು, ಕಳ್ಕೊಂಡ ಕ್ಲಿಕ್ ಹೆಚ್ಚುಕಮ್ಮಿ ಅಷ್ಟೂ ಪುಕ್ಕಟೆ ಲಿಂಕ್ ಮೂಲಕನೇ ವಾಪಸ್ ಬಂತು. ಹೇಗಿದ್ರೂ ಬರೋರಿಗೆ ದುಡ್ಡು ಕೊಟ್ಟು ಬಾಗಿಲು ತೆರೀತಿದ್ರು ಅಂತಾಯ್ತು.

ಎಕ್ಸ್‌ಪೆರಿಮೆಂಟ್ ಮಾಡಕ್ಕೇ ಆಗಲ್ಲ ಅಂದ್ರೆ?

ಪ್ರಕೃತಿನೋ, ಕಾನೂನೋ, ಯಾರದ್ದೋ ಆಫೀಸ್ ನಿರ್ಧಾರನೋ ನಿಮ್ಮ ಪರವಾಗಿ ನಾಣ್ಯ ಹಾರಿಸಿದ್ಯಾ ಅಂತ ಹುಡುಕಿ. ಜಾನ್ ಸ್ನೋ ಅನ್ನೋ ವೈದ್ಯರು 1854ರ ಲಂಡನ್ ಕಾಲರಾದಲ್ಲಿ ಮಾಡಿದ್ದು ಅದೇ. ಬ್ರಾಡ್ ಸ್ಟ್ರೀಟ್ ಪಂಪ್ (ಅದರ ನೀರು ಕುಡಿದವರಿಗೆ ಕಾಲರಾ ಬಂದ ಬೀದಿ ಪಂಪ್) ಕಥೆ ಹೆಚ್ಚಿನೋರಿಗೆ ಗೊತ್ತು, ನನಗೆ ಇಷ್ಟ ಆಗೋದು ಎರಡು ನೀರಿನ ಕಂಪನಿ ಕಥೆ. ಸೌತ್‌ವರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ಥೇಮ್ಸ್ ನದಿಯ ಗಲೀಜು ಭಾಗದಿಂದ ನೀರು ಎತ್ತುತ್ತಿತ್ತು, ಲ್ಯಾಂಬೆತ್ ಕಂಪನಿ 1852ರಲ್ಲಿ ಮೇಲ್ಭಾಗಕ್ಕೆ, ಚರಂಡಿ ಸೇರದೇ ಇರೋ ಜಾಗಕ್ಕೆ ಹೋಗಿತ್ತು. ಎಷ್ಟೋ ಬೀದಿಗಳಲ್ಲಿ ಎರಡೂ ಕಂಪನಿ ಪೈಪ್ ಇತ್ತು, ಅಕ್ಕಪಕ್ಕದ ಮನೆ, ಒಂದೇ ತರ ಜನ, ಒಂದೇ ಗಾಳಿ, ನೀರು ಮಾತ್ರ ಬೇರೆ. ಸ್ನೋ ಮನೆ ಮನೆ ಹತ್ತಿ ಇಳಿದು ಲೆಕ್ಕ ಹಾಕಿದ್ರು: 10,000 ಮನೆಗೆ ಸೌತ್‌ವರ್ಕ್ ನೀರಲ್ಲಿ 315 ಸಾವು, ಲ್ಯಾಂಬೆತ್ ನೀರಲ್ಲಿ 37. ಕಾಲರಾ ಕೆಟ್ಟ ಗಾಳಿಯಿಂದ ಬರತ್ತೆ ಅಂತ ನಂಬಿದ್ದ ಕಾಲ, ರೋಗಾಣು ಅನ್ನೋದನ್ನ ಹೆಚ್ಚಿನೋರು ಒಪ್ಪಿರ್ಲಿಲ್ಲ, ಸ್ಟಾಟಿಸ್ಟಿಕ್ಸಲ್ಲಿ ರಿಗ್ರೆಶನ್ ಅನ್ನೋ ಪದವೂ ಹುಟ್ಟಿರ್ಲಿಲ್ಲ.

ಮ್ಯಾಚಿಂಗ್, ಪ್ರೊಪೆನ್ಸಿಟಿ ಸ್ಕೋರ್ ಹಾಕಿದ್ರೆ ಎಕ್ಸ್‌ಪೆರಿಮೆಂಟ್‌ಗೆ ಸಮ ಆಗತ್ತಾ?

ಆಗಲ್ಲ. 1983ರಲ್ಲಿ ರೋಸೆನ್‌ಬಾಮ್ ಮತ್ತು ರೂಬಿನ್ ತೋರ್ಸಿದ್ದು ಏನಂದ್ರೆ, ಹತ್ತಾರು ವೇರಿಯಬಲ್ ಮೇಲೆ ಜೋಡಿ ಹುಡುಕೋ ಬದಲು "ಇವರಿಗೆ ಟ್ರೀಟ್‌ಮೆಂಟ್ ಸಿಗೋ ಸಾಧ್ಯತೆ ಎಷ್ಟು" ಅನ್ನೋ ಒಂದೇ ನಂಬರ್ ಮೇಲೆ ಜೋಡಿ ಮಾಡಿದ್ರೆ ಸಾಕು ಅಂತ. ಆದ್ರೆ ಅದು ಸಮ ಮಾಡೋದು ನೀವು ಅಳೆದಿರೋ ವಿಷಯಗಳನ್ನ ಮಾತ್ರ. 1986ರಲ್ಲಿ ಲಾಲೊಂಡ್ ಅನ್ನೋ ಅರ್ಥಶಾಸ್ತ್ರಜ್ಞರು ಒಂದು ಉದ್ಯೋಗ ತರಬೇತಿಯ ನಿಜವಾದ ಟ್ರಯಲ್ ತಗೊಂಡು, ಅದ್ರ ಕಂಟ್ರೋಲ್ ಗುಂಪು (ತರಬೇತಿ ಸಿಗದ ಗುಂಪು) ಕಿತ್ತಾಕಿ, ಬದಲಿಗೆ ಸರ್ವೆ ಡೇಟಾದ ಜನರನ್ನ ಇಟ್ಟು ಆಗಿನ ಕಾಲದ ವಿಧಾನಗಳನ್ನ ಓಡಿಸಿದ್ರು. ಟ್ರಯಲ್ ಹೇಳಿದ್ದೊಂದು, ಇವು ಹೇಳಿದ್ದು ಇನ್ನೊಂದು. ಆಮೇಲೆ ಬಂದವರು ಪ್ರೊಪೆನ್ಸಿಟಿ ಸ್ಕೋರ್‌ನಿಂದ ಸರಿಹೋಗತ್ತೆ ಅಂದ್ರು, ಮತ್ತೊಬ್ರು ಅಷ್ಟು ಸುಲಭ ಇಲ್ಲ ಅಂದ್ರು, ಆ ಚರ್ಚೆ ಇನ್ನೂ ಓದಕ್ಕೆ ಮಜಾ ಇದೆ.

ಕೆಲಸದಲ್ಲಿ ನಾನು ನೋಡೋ ತಪ್ಪು: ಪ್ರೊಪೆನ್ಸಿಟಿ ಮಾಡೆಲ್‌ನ ಎಯುಸಿ (ಎರಡು ಗುಂಪನ್ನ ಎಷ್ಟು ಪಕ್ಕಾ ಬೇರೆ ಮಾಡತ್ತೆ ಅನ್ನೋ ಅಳತೆ, 1 ಅಂದ್ರೆ ಪೂರ್ತಿ ಪಕ್ಕಾ) 0.95 ಬಂತು ಅಂತ ಖುಷಿ ಪಡೋದು. ಅದು ಅಪಶಕುನ ಕಣ್ರೀ! ಯಾರಿಗೆ ಸಿಗತ್ತೆ ಅಂತ ಅಷ್ಟು ಪಕ್ಕಾ ಹೇಳಕ್ಕಾಗತ್ತೆ ಅಂದ್ರೆ ಸಿಕ್ಕವರಿಗೂ ಸಿಗದವರಿಗೂ ಹೋಲಿಕೆನೇ ಇಲ್ಲ, ಜೋಡಿ ಎಲ್ಲಿಂದ ತರ್ತೀರ? ನೋಡಬೇಕಾಗಿದ್ದು ಮ್ಯಾಚ್ ಆದ್ಮೇಲೆ ಎರಡೂ ಕಡೆ ಬ್ಯಾಲೆನ್ಸ್ ಬಂತಾ, ಓವರ್‌ಲ್ಯಾಪ್ ಇದ್ಯಾ (ಒಂದೇ ತರದವರು ಎರಡೂ ಕಡೆ ಸಿಗ್ತಾರಾ) ಅಂತ.

ಡಿಫರೆನ್ಸ್ ಇನ್ ಡಿಫರೆನ್ಸಸ್ ಹೇಗೆ ಕೆಲಸ ಮಾಡತ್ತೆ?

ನ್ಯೂಜೆರ್ಸಿಲಿ 1992ರ ಏಪ್ರಿಲಲ್ಲಿ ಕನಿಷ್ಠ ಕೂಲಿ ಗಂಟೆಗೆ 4.25 ಡಾಲರಿಂದ 5.05ಕ್ಕೆ ಏರ್ತು, ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಏರ್ಲಿಲ್ಲ. ಕೂಲಿ ಏರಿದ್ರೆ ಕೆಲಸ ಕಮ್ಮಿ ಆಗತ್ತಾ ಅಂತ ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಎರಡೂ ಕಡೆಯ ಫಾಸ್ಟ್‌ಫುಡ್ ಅಂಗಡಿಗಳನ್ನ ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ ಕೇಳಿದ್ರು. ಅಂಗಡಿಗೆ ಸರಾಸರಿ ಕೆಲಸಗಾರರು ನ್ಯೂಜೆರ್ಸಿಲಿ 20.44ರಿಂದ 21.03, ಪೆನ್ಸಿಲ್ವೇನಿಯಾದಲ್ಲಿ 23.33ರಿಂದ 21.17. ಒಂದು ಕಡೆ 0.59 ಜಾಸ್ತಿ, ಇನ್ನೊಂದು ಕಡೆ 2.16 ಕಮ್ಮಿ, ವ್ಯತ್ಯಾಸದ ವ್ಯತ್ಯಾಸ ಸುಮಾರು 2.75. ಕೆಲಸ ಕಮ್ಮಿ ಆಗ್ಲಿಲ್ಲ ಅಂತ ಬಂತು, 1994ರಲ್ಲಿ ಪ್ರಕಟ ಆದಾಗ ದೊಡ್ಡ ಗಲಾಟೆನೇ ಆಯ್ತು, ಬೇರೆ ಡೇಟಾ ಇಟ್ಕೊಂಡು ಒಪ್ಪದವರೂ ಇದಾರೆ. 2021ರ ಅರ್ಥಶಾಸ್ತ್ರ ನೊಬೆಲಲ್ಲಿ ಅರ್ಧ ಕಾರ್ಡ್‌ಗೆ, ಇನ್ನರ್ಧ ಆಂಗ್ರಿಸ್ಟ್ ಮತ್ತು ಇಂಬೆನ್ಸ್‌ಗೆ ಸಿಕ್ತು.

ಆದ್ರೆ ಗಮನಿಸಿ, ಪಾಸಿಟಿವ್ ಬಂದಿರೋದು ಹೆಚ್ಚಾಗಿ ಪೆನ್ಸಿಲ್ವೇನಿಯಾ ಇಳಿದಿದ್ದಕ್ಕೆ. ಕೂಲಿ ಏರದೇ ಇದ್ದಿದ್ರೆ ನ್ಯೂಜೆರ್ಸಿನೂ ಅಷ್ಟೇ ಇಳೀತಿತ್ತು ಅನ್ನೋ ನಂಬಿಕೆ ಮೇಲೆ ಇಡೀ ಲೆಕ್ಕ ನಿಂತಿದೆ. ಪ್ಯಾರಲಲ್ ಟ್ರೆಂಡ್ಸ್ ಅನ್ನೋದು ಇದಕ್ಕೆ. ಹಳೇ ಟ್ರೆಂಡ್ ಸಮಾನಾಂತರ ಇತ್ತು ಅಂತ ಗ್ರಾಫ್ ತೋರ್ಸೋದು ಒಳ್ಳೇದೇ, ಅದು ಸಾಕ್ಷಿ ಅಷ್ಟೇ, ಗ್ಯಾರಂಟಿ ಅಲ್ಲ. ಮತ್ತೆ ಬೇರೆ ಬೇರೆ ಕಡೆ ಬೇರೆ ಬೇರೆ ತಿಂಗಳು ಜಾರಿ ಆಗಿದ್ರೆ ಹಳೇ ಟೂ ವೇ ಫಿಕ್ಸೆಡ್ ಎಫೆಕ್ಟ್ಸ್ (ಪ್ರತಿ ಜಾಗಕ್ಕೂ ಪ್ರತಿ ತಿಂಗಳಿಗೂ ಒಂದೊಂದು ಸ್ಥಿರ ಅಂಕ ಕೊಡೋ) ರಿಗ್ರೆಶನ್ನನ್ನ ಹಾಗೇ ಓಡಿಸ್ಬೇಡಿ, ಮೊದಲೇ ಟ್ರೀಟ್ ಆದವರನ್ನ ಅದು ಕಂಟ್ರೋಲ್ ತರ ಬಳಸ್ಕೊಳತ್ತೆ, ಎಫೆಕ್ಟಿನ ಚಿಹ್ನೆನೇ ಉಲ್ಟಾ ಆಗಿರೋದಿದೆ.

ಇನ್‌ಸ್ಟ್ರುಮೆಂಟಲ್ ವೇರಿಯಬಲ್, ರಿಗ್ರೆಶನ್ ಡಿಸ್‌ಕಂಟಿನ್ಯುಯಿಟಿ?

ಎರಡನೇದು ಸುಲಭ. 60 ಅಂಕ ಬಂದ್ರೆ ಸ್ಕಾಲರ್‌ಶಿಪ್ ಇದ್ರೆ 59 ಬಂದೋರಿಗೂ 60 ಬಂದೋರಿಗೂ ಅಂಥಾ ವ್ಯತ್ಯಾಸ ಇಲ್ಲ, ಗೆರೆ ಅಕ್ಕಪಕ್ಕದವರನ್ನ ಹೋಲಿಸಿ. 1960ರಿಂದ ಇದೆ. ಅಂಕ ತಿದ್ದಿ ಗೆರೆ ದಾಟಿಸೋರು ಇದ್ರೆ ಮುಗೀತು ಕಥೆ, 60ರ ಮೇಲೆ ದಿಢೀರ್ ಅಂತ ಜನ ಜಾಸ್ತಿ ಇದಾರಾ ಅಂತ ಎಣಿಸಿ ನೋಡಿ.

ಇನ್‌ಸ್ಟ್ರುಮೆಂಟ್ ಅಂದ್ರೆ ಟ್ರೀಟ್‌ಮೆಂಟನ್ನ ಅಲ್ಲಾಡಿಸೋ, ಆದ್ರೆ ಔಟ್‌ಕಮ್ಮನ್ನ ನೇರವಾಗಿ ಮುಟ್ಟದೇ ಇರೋ ಒಂದು ವಿಷಯ. ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧಕ್ಕೆ ಲಾಟರಿ ಎತ್ತಿ ಯುವಕರನ್ನ ಸೇರಿಸ್ಕೊಂಡಿದ್ದನ್ನ ಆಂಗ್ರಿಸ್ಟ್ ಬಳಸಿದ್ರು, ಅದು ಒಳ್ಳೇ ಇನ್‌ಸ್ಟ್ರುಮೆಂಟ್. ವರ್ಷದ ಯಾವ ಮೂರು ತಿಂಗಳ ಅವಧೀಲಿ ಹುಟ್ಟಿದ್ರು ಅನ್ನೋದನ್ನ ಇಟ್ಕೊಂಡು ಓದಿನ ಲಾಭ ಅಳೆದ 1991ರ ಕೆಲಸಕ್ಕೆ, 1995ರಲ್ಲಿ ಬೇರೆ ಮೂವರು ಆ ಹುಟ್ಟಿದ ಅವಧಿ ಬದಲು ಕಂಪ್ಯೂಟರ್ ಕೊಟ್ಟ ರ‍್ಯಾಂಡಮ್ ನಂಬರ್ ಹಾಕಿದ್ರೂ ನಂಬೋ ಹಾಗಿರೋ ಉತ್ತರನೇ ಬರತ್ತೆ ಅಂತ ತೋರ್ಸಿದ್ರು. ಇನ್‌ಸ್ಟ್ರುಮೆಂಟ್ ಸೊರಗಿದ್ರೆ, ಅಂದ್ರೆ ಟ್ರೀಟ್‌ಮೆಂಟನ್ನ ತೀರಾ ಕಮ್ಮಿ ಅಲ್ಲಾಡಿಸಿದ್ರೆ, ಆಗೋ ಗತಿ ಅದು. ಕಂಪನಿ ಡೇಟಾದಲ್ಲಿ ಒಳ್ಳೇ ಇನ್‌ಸ್ಟ್ರುಮೆಂಟ್ ಅಂತ ಯಾರಾದ್ರೂ ತಂದ್ರೆ ನಾನಂತೂ ಮೊದಲು ಅನುಮಾನ ಪಡ್ತೀನಿ.

ಮಷೀನ್ ಲರ್ನಿಂಗ್ ಇರೋವಾಗ ಇದೆಲ್ಲಾ ಯಾಕೆ? ಫೀಚರ್ ಇಂಪಾರ್ಟೆನ್ಸ್ ನೋಡಿದ್ರೆ ಕಾರಣ ಗೊತ್ತಾಗಲ್ವಾ?

ಗೊತ್ತಾಗಲ್ಲ. ಫೀಚರ್ ಇಂಪಾರ್ಟೆನ್ಸ್, ಶ್ಯಾಪ್ (ಉತ್ತರದಲ್ಲಿ ಪ್ರತಿ ಫೀಚರ್ ಪಾಲು ಎಷ್ಟು ಅಂತ ಹಂಚಿ ಹೇಳೋ ವಿಧಾನ) ಎಲ್ಲಾ ಹೇಳೋದು ಮಾಡೆಲ್ ಯಾವುದನ್ನ ನಂಬ್ಕೊಂಡು ಉತ್ತರ ಕೊಡ್ತಿದೆ ಅಂತ, ಕೋಳಿ ಕೂಗಿಗೆ ಅಲ್ಲಿ ಫಸ್ಟ್ ರ‍್ಯಾಂಕ್ ಬರತ್ತೆ. ಎಮ್‌ಎಲ್ ಸಹಾಯ ಮಾಡೋದು ಬೇರೆ ಕಡೆ: ಯಾವುದನ್ನ ಅಡ್ಜಸ್ಟ್ ಮಾಡ್ಬೇಕು ಅಂತ ನೀವು ತೀರ್ಮಾನ ಮಾಡಿದ್ಮೇಲೆ, ಅದು ನೂರಾರು ವೇರಿಯಬಲ್ ಇದ್ದು ವಕ್ರ ವಕ್ರವಾಗಿದ್ರೆ, ಡಬಲ್ ಮಷೀನ್ ಲರ್ನಿಂಗ್ ಅಥವಾ ಯಾರಿಗೆ ಎಷ್ಟು ಎಫೆಕ್ಟ್ ಅಂತ ನೋಡಕ್ಕೆ ಕಾಸಲ್ ಫಾರೆಸ್ಟ್ ಬಳಸ್ಬೋದು. ಮತ್ತೆ ಬಿಟ್ಟು ಹೋಗೋ ಸಾಧ್ಯತೆ ಜಾಸ್ತಿ ಇರೋ ಗ್ರಾಹಕರು ಯಾರು ಅನ್ನೋದೂ, ನಾವು ಫೋನ್ ಮಾಡಿದ್ರೆ ಉಳ್ಕೊಳ್ಳೋರು ಯಾರು ಅನ್ನೋದೂ ಬೇರೆ ಬೇರೆ ಪಟ್ಟಿ. ಮೊದಲನೇ ಪಟ್ಟಿ ಹಿಡ್ಕೊಂಡು ಎರಡನೇದರ ಕೆಲಸ ಮಾಡೋರೇ ಜಾಸ್ತಿ.

ಆಸ್ಕರ್ ಗೆದ್ದೋರು ಜಾಸ್ತಿ ಬದುಕ್ತಾರಂತೆ, ನಿಜಾನಾ?

2001ರ ಒಂದು ಅಧ್ಯಯನದಲ್ಲಿ ಸುಮಾರು 3.9 ವರ್ಷ ಜಾಸ್ತಿ ಅಂತ ಬಂತು. ಸಮಸ್ಯೆ ಏನಂದ್ರೆ 70ಕ್ಕೆ ಆಸ್ಕರ್ ಗೆಲ್ಬೇಕು ಅಂದ್ರೆ 70ರ ತನಕ ಬದುಕಿರ್ಲೇಬೇಕು, ಆ ವರ್ಷಗಳನ್ನೆಲ್ಲಾ ಗೆಲುವಿನ ಖಾತೆಗೆ ಜಮಾ ಮಾಡಿದ್ರು. ಗೆದ್ದ ದಿನದಿಂದ ಎಣಿಸಿದಾಗ, 2006ರ ಮರುಲೆಕ್ಕದಲ್ಲಿ, ಸುಮಾರು ಒಂದು ವರ್ಷಕ್ಕೆ ಇಳೀತು, ಅದೂ ಸೊನ್ನೆ ಇರ್ಬೋದು ಅನ್ನೋ ಮಟ್ಟಕ್ಕೆ. "ಪ್ರೀಮಿಯಂ ತಗೊಂಡೋರು ನಮ್ಮ ಜೊತೆ ಜಾಸ್ತಿ ದಿನ ಇರ್ತಾರೆ" ಅನ್ನೋ ಸ್ಲೈಡಲ್ಲೂ ಇದೇ ದೋಷ ಇರತ್ತೆ, ಹುಡುಕಿ ನೋಡಿ.

ಕಣ್ಣಿಗೆ ಕಾಣದ ಕನ್ಫೌಂಡರ್ ಇದ್ರೆ ಏನ್ ಮಾಡೋದು?

ಇದ್ದೇ ಇರತ್ತೆ, ಎಷ್ಟು ದೊಡ್ಡದಿದ್ರೆ ನಮ್ಮ ಉತ್ತರ ಬಿದ್ದೋಗತ್ತೆ ಅಂತ ಅಳೀರಿ. ಕಾರ್ನ್‌ಫೀಲ್ಡ್ ಲೆಕ್ಕದ ಈಗಿನ ರೂಪ ಇ-ವ್ಯಾಲ್ಯೂ, 2017ರಲ್ಲಿ ಬಂದಿದ್ದು. ರಿಸ್ಕ್ ರೇಶಿಯೋಗೆ (ಒಂದು ಗುಂಪಿನ ರಿಸ್ಕ್ ಇನ್ನೊಂದರ ಎಷ್ಟು ಪಟ್ಟು ಅನ್ನೋದು), ಅದನ್ನ ಅದಕ್ಕಿಂತ ಒಂದು ಕಮ್ಮಿಯಿಂದ ಗುಣಿಸಿ ಬಂದಿದ್ದರ ವರ್ಗಮೂಲ ಸೇರಿಸಿ. ರೇಶಿಯೋ 2 ಇದ್ರೆ 2 ಮತ್ತು 1.41 ಸೇರಿ 3.41. ಅಂದ್ರೆ ಆ ಕಾಣದ ವಿಷಯ ಟ್ರೀಟ್‌ಮೆಂಟ್ ಜೊತೆಗೂ ಔಟ್‌ಕಮ್ ಜೊತೆಗೂ ತಲಾ 3.41 ಪಟ್ಟು ಗಟ್ಟಿಯಾಗಿ ಅಂಟಿದ್ರೆ ಮಾತ್ರ ಎಫೆಕ್ಟ್ ಪೂರ್ತಿ ಮಾಯ ಆಗ್ಬೋದು. ಅಷ್ಟು ಗಟ್ಟಿಯಾಗಿರೋದು ಏನಾದ್ರೂ ಇದ್ಯಾ ಅಂತ ವಿಷಯ ಗೊತ್ತಿರೋರನ್ನ ಕೇಳಿ.

ನನಗೆ ಇನ್ನೂ ಇಷ್ಟ ಆಗೋ ಉಪಾಯ, ಎಫೆಕ್ಟ್ ಇರೋಕೆ ಸಾಧ್ಯನೇ ಇಲ್ಲದ ಕಡೆ ಅದೇ ಲೆಕ್ಕ ಓಡಿಸೋದು. ಫ್ಲೂ ಲಸಿಕೆ ತಗೊಂಡ ವಯಸ್ಸಾದವರಲ್ಲಿ ಸಾವು ಕಮ್ಮಿ ಅಂತ ಕಾಣ್ತಿತ್ತು. ಫ್ಲೂ ಸೀಸನ್ ಶುರು ಆಗೋಕೆ ಮುಂಚಿನ ದಿನಗಳಲ್ಲಿ ನೋಡಿದ್ರೆ ಆಗ್ಲೂ ಕಮ್ಮಿನೇ! ಫ್ಲೂನೇ ಇಲ್ಲದಾಗ ಲಸಿಕೆ ಯಾರನ್ನ ಕಾಪಾಡ್ತು? ಅಷ್ಟೋ ಇಷ್ಟೋ ಗಟ್ಟಿಮುಟ್ಟಾಗಿದ್ದೋರೇ ಹೋಗಿ ಲಸಿಕೆ ಹಾಕಿಸ್ಕೊಂಡಿದ್ರು. ಲಸಿಕೆ ಕೆಲಸಕ್ಕೆ ಬರಲ್ಲ ಅಂತ ಇದರ ಅರ್ಥ ಅಲ್ಲ, ಆ ಲೆಕ್ಕ ಲಾಭನ ಉಬ್ಬಿಸಿ ಹೇಳ್ತಿತ್ತು ಅಂತ ಅಷ್ಟೇ.

ಸರಿ, ನಾಳೆ ಆಫೀಸಲ್ಲಿ ಹೇಗೆ ಶುರು ಮಾಡ್ಲಿ?

ಪ್ರಶ್ನೇನ ಪೂರ್ತಿ ವಾಕ್ಯದಲ್ಲಿ ಬರೀರಿ: ಯಾರಿಗೆ, ಏನು ಮಾಡಿದ್ರೆ, ಅದನ್ನ ಬಿಟ್ಟು ಇನ್ನೇನು ಮಾಡಿದ್ದಕ್ಕೆ ಹೋಲಿಸಿ, ಯಾವ ದಿನದಿಂದ ಎಣಿಸಿ, ಏನು ಬದಲಾಗತ್ತೆ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗಿ, ಆ ಟ್ರೀಟ್‌ಮೆಂಟ್ ಕೊಟ್ಟವರ ಹತ್ರ ಮಾತಾಡಿ. ಒಂದ್ಸಲ ನಮ್ಮ ಡೇಟಾದಲ್ಲಿ ಫೋನ್ ಮಾಡಿ ಮಾತಾಡಿಸಿದ ಗ್ರಾಹಕರೇ ಜಾಸ್ತಿ ಬಿಟ್ಟು ಹೋಗ್ತಿದ್ರು, ಫೋನ್ ಮಾಡೋದೇ ನಿಲ್ಸಿ ಅಂತ ಬರೆಯೋಕೆ ಹೊರಟಿದ್ವಿ. ಫೋನ್ ಮಾಡೋ ಟೀಮಿನವರ ಹತ್ರ ಹತ್ತು ನಿಮಿಷ ಕೂತಾಗ ಗೊತ್ತಾಯ್ತು, ಅವರ ಪಟ್ಟಿ ಬರ್ತಿದ್ದೇ ಕಂಪ್ಲೇಂಟ್ ಕೊಟ್ಟವರಿಂದ, ಮತ್ತೆ ಆ ಕಂಪ್ಲೇಂಟ್ ಕಾಲಮ್ ನಮ್ಮ ಟೇಬಲ್‌ಗೆ ಬರ್ತಾನೇ ಇರ್ಲಿಲ್ಲ. ಯಾವ ಪ್ಯಾಕೇಜ್ ಇದನ್ನ ಹೇಳ್ತಿತ್ತು?

ಪ್ಯಾಕೇಜ್ ಅಂದ್ಮೇಲೆ, ಬಾಣ ಎಳೆದು ಯಾವುದನ್ನ ಅಡ್ಜಸ್ಟ್ ಮಾಡ್ಬೇಕು ಅಂತ ನೋಡಕ್ಕೆ ಡ್ಯಾಗಿಟಿ ಇದೆ, ಬ್ರೌಸರಲ್ಲೇ ಓಡತ್ತೆ. ಪೈಥಾನ್‌ನಲ್ಲಿ ಡೂವೈ, ಇಕಾನ್‌ಎಮ್‌ಎಲ್. ಆರ್‌ನಲ್ಲಿ ಮ್ಯಾಚ್‌ಇಟ್ ಚೆನ್ನಾಗಿದೆ. ಆರ್ ಆ ಪೈಥಾನಾ ಅಂತ ಜಗಳ ಬೇಡ, ನಿಮ್ಮ ಟೀಮಲ್ಲಿ ಯಾವುದನ್ನ ಇನ್ನೊಬ್ರು ಓದಿ ತಪ್ಪು ಹಿಡೀಬೋದೋ ಅದನ್ನ ಬಳಸಿ.

ಮ್ಯಾನೇಜರ್ "ಅಷ್ಟೆಲ್ಲಾ ಬೇಡ, ಒಂದು ನಂಬರ್ ಕೊಡಿ" ಅಂತಾರೆ?

ಕೊಡಿ. ರೇಂಜ್ ಸಮೇತ ಕೊಡಿ, ಅದರ ಕೆಳಗೆ ಒಂದೇ ಸಾಲು ಸೇರಿಸಿ, ನಾನು ಬರೆಯೋದು ಹೀಗೆ: "ಫೋನ್ ಕರೆಯಿಂದ ಉಳಿದ ಗ್ರಾಹಕರು 100ಕ್ಕೆ 2ರಿಂದ 5, ಕಂಪ್ಲೇಂಟ್ ಒಂದೇ ರೀತಿ ಇದ್ದವರಲ್ಲಿ ಯಾರಿಗೆ ಫೋನ್ ಹೋಯ್ತು ಅನ್ನೋದು ಬರೀ ಸರದಿ ಮೇಲೆ ನಡೆದಿದೆ ಅಂತ ನಂಬಿದ್ರೆ." ಆ ಕೊನೇ ತುಂಡು ಓದಿ ಯಾರಾದ್ರೂ "ಇಲ್ಲ ಇಲ್ಲ, ದೊಡ್ಡ ಗ್ರಾಹಕರಿಗೆ ಮೊದಲು ಮಾಡ್ತೀವಿ" ಅಂದ್ರೆ ಬೇಜಾರ್ ಮಾಡ್ಕೊಬೇಡಿ, ವಾಪಸ್ ಹೋಗಿ ಒಂದು ಬಾಣ ಜಾಸ್ತಿ ಎಳೀರಿ.